ತಳದ ಪದರ

೨೦೦೯ ಏಪ್ರಿಲ್ ೧೨, ಭಾನುವಾರ

ಅಮ್ಮನಿಗೆ,

ಅಂಗಳದ ಗೋಡೆಯಾಚೆ ಒಂದು ಚೆರ್ರಿ ಮರವಿದೆ. ನಮಗೆ ಅದರ ತುದಿ ಮಾತ್ರ ಕಾಣುತ್ತದೆ. ನಿನ್ನೆ ಅರಳಿತು. ಈ ಕಾಗದದ ಮೂಲೆಯಲ್ಲೂ ಒಂದು ಚೆರ್ರಿ ಹೂವಿದೆ, ನೋಡು. ಅದು ಪತ್ರ ಓದಿದ ಅಧಿಕಾರಿಯ ಮುದ್ರೆ.

ಈ ತಿಂಗಳಿನಿಂದ ನನ್ನನ್ನು ಮೂರನೇ ದರ್ಜೆಗೆ ಏರಿಸಿದ್ದಾರೆ. ಮೂರನೇ ದರ್ಜೆಯ ಕೈದಿಗಳಿಗೆ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಸಭಾಂಗಣದಲ್ಲಿ ಸಿನಿಮಾ ತೋರಿಸುತ್ತಾರೆ. ಜೊತೆಗೆ ಸಿಹಿತಿಂಡಿ. ಮೂರು ವರ್ಷದಲ್ಲಿ ನಾನು ಸಿಹಿ ಕಂಡದ್ದು ಹೊಸ ವರ್ಷದ ದಿನ ಮಾತ್ರ. ನನ್ನ ಕೋಣೆಯ ಇನಾಬೆಗೆ ಅರವತ್ತು ದಾಟಿದೆ. ಸುದ್ದಿ ಕೇಳಿ ಅವನಿಗೆ ಹೊಟ್ಟೆಕಿಚ್ಚು.

“ಲೋ, ಸಿನಿಮಾ ನೋಡೋಕ್ ಹೋಗ್ತೀಯೋ, ಬಿಸ್ಕತ್ತು ನೋಡೋಕೋ?”

“ಎರಡಕ್ಕೂ.”

“ಬುರುಡೆ ಬಿಡಬೇಡ. ನಾನು ಹೋಗ್ತಿದ್ದಾಗ ಹೀರೋ ಸತ್ತಿದ್ದೇ ಗೊತ್ತಾಗ್ಲಿಲ್ಲ. ಕ್ರೀಮು ನೆಕ್ಕೋದ್ರಲ್ಲೇ ಇದ್ದೆ.”

ಈ ಸಲದ್ದು ದೀಪಸ್ತಂಭ ಕಾಯುವವನೊಬ್ಬನ ಸಂಸಾರದ ಕಥೆಯಂತೆ. ಹೆಸರು ಹಿಂಬದಿಯಲ್ಲಿ ಬರೆದಿದ್ದೇನೆ. ಸ್ಟೇಷನ್ ಎದುರಿನ ಬಾಡಿಗೆ ಅಂಗಡಿಯಲ್ಲಿ ಡಿಸ್ಕ್ ಸಿಗುತ್ತದೆ. ೧೯ನೇ ತಾರೀಖು ಸರಿಯಾಗಿ ಒಂದಕ್ಕೆ ನೀನೂ ಹಾಕು. ನಮ್ಮ ಸಿಹಿತಿಂಡಿಯಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ಆ ಚಿತ್ರಕ್ಕೆಂದು ಪದರ ಪದರದ ಸಿಹಿ ಒಂದು ಲೋಟ ಮಾಡು. ನಾವಿಬ್ಬರೂ ಒಟ್ಟಿಗೆ ತಿಂದಂತಾಗುತ್ತದೆ.

ಇನ್ನೊಂದು ಮಾತು. ಡಿಸೆಂಬರಿನವರೆಗೆ ನನ್ನ ಹೆಸರಿನಲ್ಲಿ ಒಂದೂ ಶಿಸ್ತಿನ ಪ್ರಕರಣ ಬೀಳದಿದ್ದರೆ ಅವಧಿಗೆ ಮುಂಚೆ ಬಿಡುತ್ತಾರೆ. ಹೊಣೆ ಹೊರುವವಳು ನೀನು ಎಂದು ಬರೆಸಿದ್ದೇನೆ. ಬಿದ್ದರೆ ೨೦೧೧ರ ಮೇ ತಿಂಗಳೇ. ಬೀಳುವುದಿಲ್ಲ. ಹೊಸ ವರ್ಷದ ಊಟಕ್ಕೆ ಮನೆಯಲ್ಲಿರುತ್ತೇನೆ.

ನಿನ್ನ ಮಗ
ತೋಮೊಯಾ

೨೦೦೯ ಏಪ್ರಿಲ್ ೨೧

ತೋಮೊಯಾಗೆ,

ಇಲ್ಲಿ ಬಂದರಿನಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಚೆರ್ರಿಗೆ ಇನ್ನೂ ಹತ್ತು ದಿನ ಬೇಕು.

ಅಂಗಡಿ ಮುಚ್ಚಿದ ಮೇಲೆ ಉದ್ದನೆಯ ಲೋಟಗಳನ್ನು ಕಾಗದ ಸುತ್ತಿ ಮೇಲಿಟ್ಟಿದ್ದೆ. ಒಂದನ್ನು ಇಳಿಸಿದೆ. ಶನಿವಾರವೇ ಚಿತ್ರವನ್ನು ಒಮ್ಮೆ ನೋಡಿಕೊಂಡೆ. ನೋಡದೆ ಮಾಡುವುದು ಹೇಗೆ? ಪಕ್ಕದ ಟಾಕೀಸಿಗೆ ಹೊಸ ಚಿತ್ರ ಬಂದಾಗಲೆಲ್ಲ ಮೊದಲ ಆಟ ನೋಡಿ ಬಂದೇ ಒಲೆ ಹಚ್ಚುತ್ತಿದ್ದೆನಲ್ಲ.

ಚಿತ್ರ ನೂರು ನಿಮಿಷದ್ದು. ಹಾಗಾಗಿ ಐದು ಪದರ, ಇಪ್ಪತ್ತು ನಿಮಿಷಕ್ಕೊಂದು. ತಳಕ್ಕೆ ಕಪ್ಪು ಕಾಫಿಯ ಜೆಲ್ಲಿ, ಸಕ್ಕರೆಯಿಲ್ಲದೆ. ಕೊನೆಯಲ್ಲಿ ದೀಪ ಆರುತ್ತದಲ್ಲ, ಅದಕ್ಕೆ. ಅದರ ಮೇಲೆ ಹಾಲಿನ ಜೆಲ್ಲಿ, ಮಂಜು. ಆಮೇಲೆ ಕೆಂಪು ಕಾಳಿನ ಹೂರಣ, ಹೆಂಡತಿಯ ಬಸಿರಿನ ಭಾಗಕ್ಕೆ. ಮತ್ತೆ ಹಾಲಿನದು. ಎಲ್ಲಕ್ಕಿಂತ ಮೇಲೆ ಕೆನೆ, ಒಂದೇ ಒಂದು ಕಿತ್ತಳೆ ತೊಳೆ. ಅದು ದೀಪ. ಕೈ ಇನ್ನೂ ಮರೆತಿಲ್ಲ. ಕೆಳಗಿನದು ಬೆರಳಿಗೆ ಅಂಟಬೇಕು, ಬೆರಳಿನ ಜೊತೆ ಬರಬಾರದು. ಆಗಲೇ ಮೇಲಿನದನ್ನು ಸುರಿಯಬೇಕು. ಬೇಗ ಸುರಿದರೆ ಬಣ್ಣ ಬೆರೆತುಹೋಗುತ್ತದೆ, ತಡವಾದರೆ ಪದರಗಳು ಜಾರುತ್ತವೆ.

ಪಕ್ಕದ ಕ್ಷೌರದಂಗಡಿಯ ವಾಕುಯಿ ಕತ್ತರಿ ಕೈಲಿ ಹಿಡಿದೇ ಬಂದಳು.

“ಏನೇ ಸುಮಿಯೆ, ಯಾರಿಗೆ ಈ ಮದುವೆ ಮನೆ ಅಡುಗೆ?”

“ಮಗನ ಜೊತೆ ಸಿನಿಮಾ ನೋಡ್ತಾ ಇದೀನಿ.”

“ಎಲ್ಲಿದಾನೆ ಮಗ?”

“ಒಂದು ಗಂಟೆಗೆ ಬರ್ತಾನೆ, ಕೂತ್ಕೋ.”

ಕೂತಳು. ಅತ್ತಳು. ಆಮೇಲೆ ಕಾಫಿ ಕಹಿ ಅಂತ ಬೈದಳು.

ನೀನು ಏನು ತಿಂದೆ? ತಳವನ್ನು ಕೊನೆಯ ದೃಶ್ಯದವರೆಗೆ ಉಳಿಸಿದೆಯಾ?

ಅಮ್ಮ

೨೦೦೯ ಮೇ ೧೯

ಅಮ್ಮನಿಗೆ,

ನಿನ್ನ ಲೋಟದ ವಿವರ ಓದಿದ ದಿನ ಇನಾಬೆ ರಾತ್ರಿಯ ಸಾರು ಬಿಟ್ಟೆದ್ದ. “ಹೂರಣ ಅಂತ ಬರ್ದಿದ್ದನ್ನ ಇನ್ನೊಂದ್ಸಲ ಓದಪ್ಪಾ” ಎಂದು ನಾಲ್ಕು ಸಲ ಓದಿಸಿದ.

ನಮಗೆ ಕೊಟ್ಟದ್ದು ಇಷ್ಟು: ಕ್ರೀಮ್ ಬಿಸ್ಕತ್ತು ಆರು, ಚಿಕ್ಕ ಚಾಕೊಲೇಟು ಒಂದು, ಹಾಲು ಬೆರೆಸಿದ ಕಾಫಿ ಡಬ್ಬಿ ಒಂದು. ಚಮಚವಿಲ್ಲ. ಬೇರೆಯವರು ಸಭಾಂಗಣದ ದೀಪ ಆರಿಸುವ ಮೊದಲೇ ಮುಗಿಸಿದರು. ನಾನು ಇಪ್ಪತ್ತು ನಿಮಿಷಕ್ಕೊಂದರಂತೆ ತಿಂದೆ. ಬಿಸ್ಕತ್ತು ಬಿಡಿಸಿ, ನಡುವೆ ಚಾಕೊಲೇಟು ಇಟ್ಟು, ಮತ್ತೆ ಮುಚ್ಚಿ ಒಂದು ಪದರದ ತಿಂಡಿಯನ್ನೂ ಮಾಡಿದೆ. ಪಕ್ಕದವನು “ಏನ್ ಗುರು, ಮನೆ ಕಟ್ತಾ ಇದೀಯಾ?” ಅಂದ. ಮಾತಾಡುವಂತಿಲ್ಲ, ಅವನಿಗೆ ಗದರಿಕೆ ಬಿತ್ತು.

ಕೊನೆಯ ದೃಶ್ಯಕ್ಕೆ ಒಂದು ಬಿಸ್ಕತ್ತು ಉಳಿಸಿದ್ದೆ. ನೀನು ಆ ಹೊತ್ತಿಗೆ ಕಾಫಿ ಜೆಲ್ಲಿಗೆ ಚಮಚ ಹಾಕಿರುತ್ತೀ ಎಂದು ಲೆಕ್ಕ ಹಾಕಿ ಬಾಯಿಗಿಟ್ಟೆ. ದೀಪ ಹತ್ತಿದ ಕೂಡಲೇ ಖಾಲಿ ಪೊಟ್ಟಣ ಎತ್ತಿ ತೋರಿಸಬೇಕು. ಒಂದು ತುಣುಕನ್ನೂ ಸಭಾಂಗಣದಿಂದ ಹೊರಗೆ ಒಯ್ಯುವಂತಿಲ್ಲ. ಅದೊಂದು ನಿಯಮದಲ್ಲಿ ಬಲು ಬಿಗಿ.

ನಿನ್ನೆ ಬಿಡುಗಡೆ ಮಂಡಳಿಯವರು ಮೊದಲ ಸಲ ಮಾತಾಡಿಸಿದರು. ಒಳ್ಳೆಯ ಸೂಚನೆ ಅನ್ನುತ್ತಾರೆ.

ತೋಮೊಯಾ

೨೦೦೯ ಜೂನ್ ೨೩

ತೋಮೊಯಾಗೆ,

ಒಂದೇ ಮಗುವಿದ್ದ ಶಾಲೆಯ ಚಿತ್ರ ನೋಡಿದೆ. ತಳಕ್ಕೆ ಕರಿಬೆಲ್ಲದ ಪಾಕ, ಅದರ ಮೇಲೆ ಹುರಿದ ಸೋಯಾ ಹಿಟ್ಟು. ಸೀಮೆಸುಣ್ಣದ ಪುಡಿ ಬಿದ್ದ ನೆಲದ ಹಾಗೆ ಕಂಡಿತು. ಮಾಡಿದ್ದು ನಾನು, ತಿಂದದ್ದು ವಾಕುಯಿ. ನನಗೆ ಈಚೆಗೆ ಹಸಿವು ಕಡಿಮೆ. ಮಳೆಗಾಲದ ಸೆಖೆ ಇರಬೇಕು.

ಶಾಲೆಯ ಚಿತ್ರವಾದ್ದರಿಂದ ನಿಶಿಗಾಕಿ ಮೇಷ್ಟ್ರು ನೆನಪಾದರು. ಈ ಮೂರು ವರ್ಷ ನಾವಿಬ್ಬರೂ ಅವರ ಹೆಸರು ಬರೆಯದೆ ಕಳೆದೆವು. ನೀನು ಕುಡಿದು ಲಾರಿ ಓಡಿಸಿದ ಆ ಬೆಳಿಗ್ಗೆ ಅವರು ಸೈಕಲ್ಲಿನಲ್ಲಿ ಎದುರಿಗೆ ಬರಲಿಲ್ಲ ಎಂಬಂತೆ. ಕಳೆದ ತಿಂಗಳು ಅವರ ವರ್ಷದ ತಿಥಿಯ ದಿನ ಸಮಾಧಿಗೆ ಹೋಗಿದ್ದೆ. ಅವರ ಮಗಳು ನನ್ನನ್ನು ಕಂಡು, ನಾನು ಇಟ್ಟ ಹೂವನ್ನು ಎತ್ತಿ ಪಕ್ಕಕ್ಕಿಟ್ಟಳು. ಎಸೆಯಲಿಲ್ಲ. ಅದನ್ನು ಹೇಳಬೇಕು.

ಮೇಷ್ಟ್ರು ಪ್ರತಿ ಹೊಸ ಚಿತ್ರಕ್ಕೂ ಬಂದು ಒಂದು ಲೋಟ ತಗೊಳ್ಳುತ್ತಿದ್ದರು. ಉದ್ದ ಚಮಚವನ್ನು ಅಂಚಿನಿಂದ ಇಳಿಸಿ ತಳವನ್ನೇ ಮೊದಲು ತಿನ್ನುತ್ತಿದ್ದರು. ನನ್ನ ಪದರವೆಲ್ಲ ಕುಸಿಯುತ್ತಿತ್ತು.

“ಮೇಷ್ಟ್ರೇ, ಅದು ಕೊನೇ ದೃಶ್ಯಕ್ಕೆ ಮಾಡಿದ್ದು! ಮಕ್ಕಳಿಗೆ ಇದೇನಾ ಕಲಿಸೋದು?”

“ಕೊನೇ ತನಕ ಇರ್ತೀನಿ ಅಂತ ಯಾರು ಬರ್ಕೊಟ್ಟಿದಾರೆ ತಾಯಿ? ರುಚಿ ಇರೋದು ತಳದಲ್ಲೇ.”

ನೀನು ಆಗ ಕೌಂಟರಿನಲ್ಲಿ ಲೋಟ ಒರೆಸುತ್ತಾ ನಗುತ್ತಿದ್ದೆ.

ಅಮ್ಮ

೨೦೦೯ ಸೆಪ್ಟೆಂಬರ್ ೯

ತೋಮೊಯಾಗೆ,

ಜುಲೈ, ಆಗಸ್ಟ್ ಪತ್ರಗಳು ಸಿಕ್ಕವು. ಡಿಸೆಂಬರ್ ನಿಶ್ಚಯ ಎಂದು ಮಂಡಳಿಯವರು ಬಾಯಿಬಿಟ್ಟು ಹೇಳಿದರೆಂದು ಓದಿ, ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ವಾಕುಯಿ “ಇನ್ನೂ ಮೂರು ತಿಂಗಳಿದೆಯಲ್ಲೇ, ಸುಟ್ಟುಬಿಡ್ತೀಯಾ ಅದನ್ನ” ಎಂದಳು.

ಈ ತಿಂಗಳ ೨೦ನೇ ತಾರೀಖಿನ ಭಾನುವಾರ ಮಾತ್ರ ನನಗೆ ಆಗುವುದಿಲ್ಲ. ಪಿತೃಗಳ ವಾರ. ನಗರದಲ್ಲಿ ಅಕ್ಕನ ಮನೆಯವರ ಜೊತೆ ಸಮಾಧಿಗೆ ಹೋಗಿ ಕೆಲವು ದಿನ ಅಲ್ಲೇ ಇರುತ್ತೇನೆ. ೨೪ನೇ ತಾರೀಖು ಗುರುವಾರ ವಾಪಸು ಬಂದಿರುತ್ತೇನೆ. ಅವತ್ತು ಒಂದು ಗಂಟೆಗೆ ನಾನು ಒಬ್ಬಳೇ ನೋಡುತ್ತೇನೆ. ದ್ವೀಪದ ಕೊನೆಯ ದೋಣಿಯ ಚಿತ್ರ ಅಂದೆಯಲ್ಲ. ಕೊನೆ ಏನಾಯಿತೆಂದು ನೀನು ಮುಂಚೆ ಬರೆದುಬಿಡಬೇಡ.

ಜೋಪಾನ. ಇನ್ನು ಸ್ವಲ್ಪವೇ ದಿನ.

ಅಮ್ಮ

೨೦೦೯ ಅಕ್ಟೋಬರ್ ೧೪

ತೋಮೊಯಾಗೆ,

ಮೂರು ವಾರವಾಯಿತು, ನಿನ್ನ ಪತ್ರವಿಲ್ಲ. ಜೈಲಿಗೆ ಫೋನು ಮಾಡಿದೆ. “ಈ ಕೈದಿಗೆ ಸದ್ಯ ಪತ್ರ ಬರೆಯುವ ಅನುಮತಿ ಇಲ್ಲ” ಎಂದರು. ಜ್ವರವೇ? ಎಂದು ಕೇಳಿದೆ. ಹೇಳುವಂತಿಲ್ಲ ಎಂದರು.

೨೪ನೇ ತಾರೀಖು ಸರಿಯಾಗಿ ಒಂದಕ್ಕೆ ಚಿತ್ರ ಹಾಕಿದೆ. ಚೆನ್ನಾಗಿತ್ತು. ಆ ಹಸಿರು ದೋಣಿಗೆಂದು ಹಸಿರು ಚಹಾದ ಜೆಲ್ಲಿ ಮಾಡಿದ್ದೆ. ಲೋಟ ಪೂರ್ತಿ ತಿಂದೆ.

ಒಂದು ಸಾಲಾದರೂ ಬರೆ.

ಅಮ್ಮ

೨೦೦೯ ನವೆಂಬರ್ ೮

ಅಮ್ಮನಿಗೆ,

ಹೇಗೆ ಶುರು ಮಾಡಬೇಕೋ ತಿಳಿಯದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೆಪ್ಟೆಂಬರ್ ೨೦ರಂದು ಚಿತ್ರದ ಕೊನೆಗೆ ನನ್ನಲ್ಲಿ ಒಂದು ಬಿಸ್ಕತ್ತು ಉಳಿದಿತ್ತು. ನೀನು ಗುರುವಾರ ಒಂದು ಗಂಟೆಗೆ ನೋಡುವವಳು. ಏಪ್ರಿಲಿನಿಂದ ನಾವು ಒಂದು ಸಲವೂ ತಪ್ಪಿರಲಿಲ್ಲ. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಿನ್ನ ಜೊತೆ ತಿನ್ನೋಣ ಎನ್ನಿಸಿತು. ಎರಡು ಕಾಗದದ ನಡುವೆ ಚಪ್ಪಟೆ ಮಾಡಿ ಕಾಲುಚೀಲದಲ್ಲಿಟ್ಟೆ. ಸೋಮವಾರದಿಂದ ಮೂರು ದಿನ ಹಬ್ಬದ ರಜೆ, ತಪಾಸಣೆಯಿರಲಿಲ್ಲ. ನಾಲ್ಕು ದಿನ ಇಟ್ಟುಕೊಂಡಿದ್ದೆ. ಗುರುವಾರ ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮುಂಚಿನ ತಪಾಸಣೆಯಲ್ಲಿ ಬಿತ್ತು. ನಮ್ಮ ಕಾರ್ಖಾನೆಯ ಅಧಿಕಾರಿ ಒಳ್ಳೆಯವರು. ನಾವೆಲ್ಲ ಅವರನ್ನು ‘ಅಪ್ಪಾಜಿ’ ಅನ್ನುತ್ತೇವೆ. ಅವರೇ ಎತ್ತಿದರು.

“ಇದೇನಯ್ಯ?”

“ಬಿಸ್ಕತ್ತು, ಅಪ್ಪಾಜಿ.”

“ಅದು ಕಾಣ್ತಾ ಇದೆ. ಯಾರಿಗೆ ಮಾರೋಕೆ?”

“ಮಾರೋಕಲ್ಲ. ನಾನೇ ತಿನ್ನೋಕೆ.”

“ಭಾನುವಾರ ಬಾಯಿ ಇರಲಿಲ್ವಾ ನಿಂಗೆ?”

ನಿನ್ನ ಜೊತೆ ತಿನ್ನಲು ಎಂದು ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರೋ ಏನೋ. ನಿನ್ನ ಪತ್ರವನ್ನು ಹೊರಗೆ ತೆಗೆದು ಎಲ್ಲರೆದುರು ಓದುತ್ತಾರೆ ಅನ್ನಿಸಿತು. ಅಪ್ಪಾಜಿ ಬಿಸ್ಕತ್ತನ್ನು ಮತ್ತೆ ಕಾಗದದಲ್ಲಿ ಸುತ್ತಿದರು. “ಡಿಸೆಂಬರಲ್ಲಿ ಹೋಗೋನು ನೀನು. ಒಂದು ಬಿಸ್ಕತ್ತಿಗೆ” ಎಂದರು. ಆಮೇಲೆ ಬರೆದುಕೊಂಡರು.

ಮೂವತ್ತು ದಿನ ಒಂಟಿ ಕೋಣೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲಿಗೆ ಮುಖ ಮಾಡಿ ಮಂಡಿಯೂರಿ ಕೂರಬೇಕು. ಪತ್ರವಿಲ್ಲ. ಈಗ ಐದನೇ ದರ್ಜೆಗೆ ಇಳಿಸಿದ್ದಾರೆ. ಸಿನಿಮಾ ಇಲ್ಲ, ಸಿಹಿ ಇಲ್ಲ. ಡಿಸೆಂಬರ್ ಹೋಯಿತು. ೨೦೧೧ರ ಮೇ.

ಅಮ್ಮ, ಕ್ಷಮಿಸು ಎಂದು ಬರೆಯಲು ನಾಚಿಕೆ. ಇನ್ನು ಒಂದೂವರೆ ವರ್ಷ. ಅಲ್ಲಿಯವರೆಗೆ ಆರೋಗ್ಯ ನೋಡಿಕೋ.

ತೋಮೊಯಾ

೨೦೦೯ ಡಿಸೆಂಬರ್ ೨

ತೋಮೊಯಾಗೆ,

ನಿನ್ನ ಪತ್ರವನ್ನು ವಾಕುಯಿ ಓದಿ ಹೇಳಿದಳು. ನನಗೆ ಕನ್ನಡಕ ಸಾಲದು. ಓದಿ ಮುಗಿಸಿ ಅವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟಳು.

ನಿನ್ನದು ತಪ್ಪು ಎಂದು ನಾನು ಬರೆಯುವುದಿಲ್ಲ. ಗುರುವಾರ ಎಂದು ಬರೆದವಳು ನಾನು. ಬರೆಯದೆ ಇದ್ದಿದ್ದರೆ ನೀನು ಭಾನುವಾರವೇ ತಿಂದುಬಿಡುತ್ತಿದ್ದೆ. ಇದನ್ನೇ ದಿನವೂ ಯೋಚಿಸುತ್ತೇನೆ.

ಒಂದೂವರೆ ವರ್ಷ ಎಂದರೆ ಎಷ್ಟು ಸಿನಿಮಾ? ಹದಿನೆಂಟು. ಹದಿನೆಂಟು ಲೋಟ. ನಮ್ಮ ಅಂಗಡಿಯಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ.

ನಿನ್ನ ಹಾಸಿಗೆಯನ್ನು ಮತ್ತೆ ಮಡಿಚಿ ಒಳಗಿಟ್ಟಿದ್ದೇವೆ.

ಅಮ್ಮ

೨೦೧೦ ಫೆಬ್ರವರಿ ೧೬

ತೋಮೊಯಾಗೆ,

ವಾಕುಯಿಯ ಕೈಯಲ್ಲಿ ಬರೆಸುತ್ತಿದ್ದೇನೆ. ಅವಳ ಅಕ್ಷರ ಕೋಳಿ ಕೆದರಿದ ಹಾಗಿದೆ. (ಹೀಗೆ ಹೇಳಿದ್ದನ್ನೂ ಬರೆಯುತ್ತೇನೆ ಅನ್ನುತ್ತಾಳೆ, ಬರೆಯಲಿ.)

ಭಾನುವಾರ ಆ ದೋಣಿಯ ಚಿತ್ರವನ್ನು ಹಾಕಿಸಿದೆ. ಒಂದು ಗಂಟೆಗೆ. ಒಂದು ಲೋಟವೂ ಆಯಿತು. ನಾನು ಹಾಸಿಗೆಯಿಂದ ಹೇಳುತ್ತಾ ಹೋದೆ, ಇವಳು ಸುರಿಯುತ್ತಾ ಹೋದಳು. “ಬೆರಳಿಗೆ ಅಂಟುತ್ತಾ?” “ಅಂಟುತ್ತೆ.” “ಬೆರಳ ಜೊತೆ ಬರುತ್ತಾ?” “ನಾನೇ ಬಂದ್ಬಿಡ್ತೀನಿ ಅದರ ಜೊತೆ, ಸಾಕು ಮಾರಾಯ್ತಿ.” ತಳ ಮಾತ್ರ ನಾನೇ ಮಾಡಿದೆ. ಇವಳನ್ನು ಅಂಗಡಿಗೆ ಕಳಿಸಿ, ಗೋಡೆ ಹಿಡಿದುಕೊಂಡು ಒಲೆಯವರೆಗೆ ಹೋಗಿ. ಏನು ಹಾಕಿದ್ದೇನೆಂದು ಇವಳಿಗೂ ಹೇಳಿಲ್ಲ. ನೀನು ಬಂದಾಗ ಹೇಳುತ್ತೇನೆ.

ಚಿತ್ರ ಶುರುವಾದ ಕೂಡಲೇ ಚಮಚವನ್ನು ಅಂಚಿನಿಂದ ಇಳಿಸಿ ತಳವನ್ನು ತಿಂದೆ. ಮೇಷ್ಟ್ರ ಹಾಗೆ. ಮೇಲಿನದೆಲ್ಲ ಕುಸಿಯಿತು. ಎರಡೇ ಚಮಚ ಹಿಡಿಸಿತು. ಮೇಷ್ಟ್ರು ಹೇಳಿದ್ದು ನಿಜ. ಮೂವತ್ತು ವರ್ಷ ಅವರನ್ನು ಬೈದೆನಲ್ಲ.

ದೋಣಿ ದ್ವೀಪ ಬಿಡುವವರೆಗೆ ನೋಡಿದೆ. ಅಲ್ಲಿಗೆ ನಿಲ್ಲಿಸಲು ಹೇಳಿದೆ.

ಬೆನ್ನು ನೇರವಾಗಿಟ್ಟು ಕೂರು. ಮಂಡಿ ಜೋಪಾನ.

ಅಮ್ಮ

೨೦೧೦ ಮಾರ್ಚ್ ೪

ತೋಮೊಯಾಗೆ,

ನಾನು ವಾಕುಯಿ ಚಿಕ್ಕಮ್ಮ. ನಿನ್ನ ತಾಯಿ ಫೆಬ್ರವರಿ ೨೬ರ ಬೆಳಿಗ್ಗೆ ತೀರಿಕೊಂಡಳು. ನಿಮ್ಮ ಕಚೇರಿಯವರು ಹೇಳಿರುತ್ತಾರೆ. ಹೇಗೆ ಹೇಳಿದರೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಯಲ್ಲಿ ಗಡ್ಡೆ. ಸೆಪ್ಟೆಂಬರ್ ೧೮ಕ್ಕೆ ಆಸ್ಪತ್ರೆ ಸೇರಿಸಿದೆವು. ಕೊಯ್ದು ನೋಡಿ ಹಾಗೇ ಹೊಲಿದರು. ೩೦ನೇ ತಾರೀಖು ಮನೆಗೆ ಕರೆತಂದೆ. ನಿನಗೆ ಬರೆಯಬೇಡ ಎಂದು ಆಣೆ ಹಾಕಿಸಿದ್ದಳು. “ಡಿಸೆಂಬರಿಗೆ ಬರ್ತಾನಲ್ಲ, ಎದುರಿಗೇ ಹೇಳ್ತೀನಿ” ಅನ್ನುತ್ತಿದ್ದಳು. ಡಾಕ್ಟರು ಹೇಳಿದ್ದೂ ಹೊಸ ವರ್ಷದವರೆಗೆ ಎಂದೇ. ಇವಳು ಎರಡು ತಿಂಗಳು ಹೆಚ್ಚು ಎಳೆದಳು.

ದಹನಕ್ಕೆ ಏಳು ಜನ ಬಂದಿದ್ದರು. ನಿಶಿಗಾಕಿ ಮೇಷ್ಟ್ರ ಮಗಳು ಬರಲಿಲ್ಲ. ಅಸ್ಥಿ ನಮ್ಮ ಮನೆಯಲ್ಲಿದೆ. ನೀನು ಬರುವವರೆಗೆ ಇಟ್ಟುಕೊಂಡಿರುತ್ತೇನೆ.

ಒಂದು ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಅವಳು ಎರಡು ಚಮಚ ತಿಂದು ಬಿಟ್ಟ ಲೋಟವನ್ನು ಫ್ರಿಜ್ಜಿನಲ್ಲೇ ಇಟ್ಟುಕೊಂಡಿದ್ದಳು. ಕಾರ್ಯದ ದಿನ ಜನ ಬರುತ್ತಾರೆಂದು ಮನೆ ಗುಡಿಸಿ ಒರೆಸಿದೆ. ಕೈಗೆ ಕೆಲಸ ಬೇಕಿತ್ತು. ಆ ಲೋಟವನ್ನೂ ತೊಳೆದುಬಿಟ್ಟೆ. ತಳದಲ್ಲಿ ಇನ್ನೂ ಒಂದಿಷ್ಟು ಅಂಟಿಕೊಂಡಿತ್ತು. ಕಂದು ಬಣ್ಣ. ನಾನು ಬಾಯಿಗೆ ಹಾಕಿ ನೋಡಬಹುದಿತ್ತು. ನೋಡಲಿಲ್ಲ. ನೀರು ಬಿಟ್ಟ ಮೇಲೆ ನೆನಪಾಯಿತು, ಇದನ್ನು ನಿನಗೆ ಹೇಳಬೇಕೆಂದಿದ್ದಳು ಅಂತ.

ನನ್ನನ್ನು ಬೈದು ಬರೆ.

ವಾಕುಯಿ ಚಿಕ್ಕಮ್ಮ

೨೦೧೦ ಮಾರ್ಚ್ ೨೧, ಭಾನುವಾರ

ಚಿಕ್ಕಮ್ಮನಿಗೆ,

ಸುದ್ದಿಯನ್ನು ಅಪ್ಪಾಜಿ ಹೇಳಿದರು. ಕಾರ್ಖಾನೆಯ ಯಂತ್ರ ನಿಲ್ಲಿಸಿ, ಟೋಪಿ ತೆಗೆದು ಹೇಳಿದರು. “ಆ ಬಿಸ್ಕತ್ತು ಅಮ್ಮನಿಗೇನಾ?” ಎಂದು ಕೇಳಿದರು. ಹೌದೆಂದೆ. ಅವರು ಟೋಪಿ ಹಾಕಿಕೊಂಡು ಯಂತ್ರ ಶುರು ಮಾಡಲು ಹೇಳಿದರು.

ಸೆಪ್ಟೆಂಬರ್ ೨೪ರಂದು ಅಮ್ಮ ಎಲ್ಲಿದ್ದಳೆಂದು ನಿಮ್ಮ ಪತ್ರದಿಂದ ಗೊತ್ತಾಯಿತು. ಅವಳು ಅಕ್ಟೋಬರಿನಲ್ಲಿ ಹಸಿರು ದೋಣಿ ಎಂದು ಬರೆದಿದ್ದಳು. ಚಿತ್ರದಲ್ಲಿ ದೋಣಿ ಬಿಳಿ. ಡಿಸ್ಕಿನ ಡಬ್ಬಿಯ ಮೇಲೆ ಹಸಿರು ಇರಬೇಕು. ಆಗಲೇ ಅನುಮಾನ ಬಂದಿತ್ತು. ಕೇಳಲಿಲ್ಲ.

ನಾನೂ ಅವಳಿಗೆ ಒಂದು ಸುಳ್ಳು ಹೇಳಿದ್ದೆ. ದೀಪಸ್ತಂಭದ ಚಿತ್ರದ ಕೊನೆಯ ದೃಶ್ಯಕ್ಕೆ ಬಿಸ್ಕತ್ತು ಉಳಿಸಿದ್ದೆ ಎಂದು ಬರೆದಿದ್ದೆನಲ್ಲ. ಉಳಿಸಿರಲಿಲ್ಲ. ಮೂರು ವರ್ಷದ ಮೇಲೆ ಸಿಕ್ಕ ಸಿಹಿ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ತಿಂದು ಪೊಟ್ಟಣ ನೆಕ್ಕಿದೆ. ನಿಜವಾಗಿ ಉಳಿಸಿದ್ದು ಒಂದೇ ಸಲ.

ಲೋಟ ತೊಳೆದದ್ದಕ್ಕೆ ಬೈಯಲು ನನಗೆ ಬಾಯಿಲ್ಲ. ಅಮ್ಮನ ಕಂದು ಬಣ್ಣಗಳು ನಾಲ್ಕು: ಕರಿಬೆಲ್ಲ, ಕಾಫಿ, ಹುರಿದ ಚಹಾ, ಚೆಸ್ಟ್‌ನಟ್ ಬೀಜದ ಹೂರಣ. ನಾಲ್ಕರಲ್ಲಿ ಯಾವುದೆಂದು ದಿನವೂ ಬಾಯಿಯಲ್ಲಿ ನೆನೆದು ನೋಡುತ್ತೇನೆ. ಈಗ ನಾಲ್ಕರ ರುಚಿಯೂ ಒಂದೇ ಆಗಿಬಿಟ್ಟಿದೆ.

ಐದನೇ ದರ್ಜೆಯವರು ತಿಂಗಳಿಗೆ ನಾಲ್ಕು ಪತ್ರ ಬರೆಯಬಹುದು. ಈ ತಿಂಗಳು ಇದೊಂದೇ ಬರೆದದ್ದು. ಈಗ ಒಂದು ಗಂಟೆಯಾಗಿದೆ. ಮೂರನೇ ದರ್ಜೆಯವರು ಸಾಲಾಗಿ ಸಭಾಂಗಣಕ್ಕೆ ಹೋದರು. ಇನಾಬೆಗೂ ಮತ್ತೆ ದರ್ಜೆ ಸಿಕ್ಕಿದೆ. ಹೋಗುವಾಗ ಬಾಗಿಲ ಹತ್ತಿರ ನಿಂತು “ನಿಂಗೊಂದು ಬಿಸ್ಕತ್ತು ತರ್ಲೇನೋ?” ಎಂದು ಪಿಸುಗುಟ್ಟಿದ.

ಬೇಡವೆಂದೆ. ಅಲ್ಲಿಂದ ಏನನ್ನೂ ಹೊರಗೆ ತರುವಂತಿಲ್ಲ.

ತೋಮೊಯಾ